ಆಚಾರ್ರ ಚಿನ್ನದ ತಂತಿ, ಅಕ್ಕಿ ಡಬ್ಬ ಮತ್ತು ಒಂದು ಡಿಎನ್‌ಎ ಸೆನ್ಸರ್

ಹಸಿರು ಬೋರ್ಡಿನ ಮೇಲಿದ್ದ ಚಿನ್ನದ ಚುಕ್ಕೆ ಆರನೇ ಸುತ್ತಿಗೆ ಕಪ್ಪಗಾಯಿತು. ಹತ್ತನೇ ಸುತ್ತಿಗೆ ಅದರ ಅಂಚು ಸಿಪ್ಪೆಯ ಹಾಗೆ ಎದ್ದು ಬಂತು. ಜೂನ್ ತಿಂಗಳ ಸಂಜೆ, ಶಿವಮೊಗ್ಗದಲ್ಲಿ ಬಿಡದೆ ಮಳೆ. ಕೆಮಿಸ್ಟ್ರಿ ಲ್ಯಾಬಿನ ಮೂಲೆಯಲ್ಲಿ ಕೂತು ಆ ಚುಕ್ಕೆಯನ್ನೇ ನೋಡುತ್ತಿದ್ದೆ.

ನಾನು ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಸರ್ಕ್ಯೂಟ್ ಕೊಟ್ಟರೆ ಏನಾದರೂ ಮಾಡಿಯೇನು, ಕೆಮಿಸ್ಟ್ರಿ ಅಂದರೆ ಪಿಯುಸಿಯಲ್ಲೇ ಬಿಟ್ಟುಬಂದ ಸಂಬಂಧ. ಆದರೂ ಒಂದು ಹುಚ್ಚು ಹಿಡಿದಿತ್ತು. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಎಲ್ಲರಿಗೂ ಗೊತ್ತು. ಅದರ ಮೂಲ 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿಕೊಟ್ಟ ಕಿಣ್ವದ ಎಲೆಕ್ಟ್ರೋಡ್. ಎಲೆಕ್ಟ್ರೋಡ್ ಅಂದರೆ ದ್ರಾವಣದಲ್ಲಿ ಅದ್ದಿ ಕರೆಂಟ್ ಹರಿಸುವ ತುದಿ. ಅದೇ ತರಹ ಒಂದು ಎಲೆಕ್ಟ್ರೋಡ್ ಸಕ್ಕರೆಯ ಬದಲು ಒಂದು ನಿರ್ದಿಷ್ಟ ಡಿಎನ್‌ಎ ತುಣುಕನ್ನು ಗುರುತಿಸುವಂತೆ ಮಾಡಬಹುದಾ? ಮಾಡಬಹುದು. ದೊಡ್ಡ ಲ್ಯಾಬುಗಳಲ್ಲಿ ಎರಡು ದಶಕದಿಂದ ಮಾಡುತ್ತಿದ್ದಾರೆ. ನನ್ನ ಕೈಲಿ, ನಮ್ಮ ಕಾಲೇಜಿನಲ್ಲಿ ಆಗುತ್ತದಾ ಅನ್ನುವುದಷ್ಟೇ ಪ್ರಶ್ನೆ.

ತತ್ವ ಸರಳ. ಚಿನ್ನಕ್ಕೂ ಗಂಧಕಕ್ಕೂ ಭಾರೀ ನಂಟು. ಒಂದೆಳೆಯ ಡಿಎನ್‌ಎ ತುಂಡಿನ ಒಂದು ತುದಿಗೆ ಗಂಧಕದ ಕೊಂಡಿ ಹಾಕಿದರೆ ಅದು ಚಿನ್ನಕ್ಕೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಗೆ ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಅಣು. ಒಂದೆಳೆ ಒದ್ದೆ ದಾರದ ಹಾಗೆ ಓಲಾಡುತ್ತಿರುತ್ತದೆ. ನೀಲಿ ತುದಿ ಮತ್ತೆ ಮತ್ತೆ ಚಿನ್ನದ ಹತ್ತಿರ ಬರುತ್ತದೆ, ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತದೆ, ಕರೆಂಟ್ ಹರಿಯುತ್ತದೆ. ಅದಕ್ಕೆ ಹೊಂದುವ ಜೋಡಿ ಎಳೆ ನೀರಿನಲ್ಲಿ ಬಂದರೆ ಎರಡೂ ಹೆಣೆದುಕೊಳ್ಳುತ್ತವೆ. ಆಗ ದಾರ ಊದುಬತ್ತಿ ಕಡ್ಡಿಯಾಗುತ್ತದೆ. ಎರಡೆಳೆಯ ಡಿಎನ್‌ಎ ಸುಮಾರು 50 ನ್ಯಾನೋಮೀಟರ್ ಉದ್ದದವರೆಗೆ ಬಾಗಲು ಅಷ್ಟಾಗಿ ಒಪ್ಪುವುದಿಲ್ಲ. ನನ್ನದು 20 ಅಕ್ಷರದ ತುಂಡು, ಹೆಣೆದ ಮೇಲೆ 7 ನ್ಯಾನೋಮೀಟರೂ ಇಲ್ಲ. ಹಾಗಾಗಿ ಸೆಟೆದು ನಿಲ್ಲುತ್ತದೆ, ನೀಲಿ ತುದಿ ದೂರವೇ ಉಳಿಯುತ್ತದೆ, ಕರೆಂಟ್ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಚುನ್‌ಹಾಯ್ ಫಾನ್, ಕೆವಿನ್ ಪ್ಲಾಕ್ಸ್ಕೊ, ಅಲನ್ ಹೀಗರ್ 2003ರಲ್ಲಿ ಪ್ರಕಟಿಸಿದ ಸೆನ್ಸರ್ ಈ ಕುಟುಂಬದ ಹಿರಿಯ. ಅವರು ಮೀಥಿಲೀನ್ ಬ್ಲೂ ಬದಲು ಫೆರೋಸೀನ್ ಬಳಸಿದ್ದರು, ಡಿಎನ್‌ಎ ತುಂಡನ್ನು ಕೂದಲಿನ ಪಿನ್ನಿನಂತೆ ಮಡಚಿದ್ದರು. ನಾನು ಮಡಚದ ನೇರ ತುಂಡನ್ನೇ ಆರಿಸಿಕೊಂಡೆ. ತಪ್ಪಾಗುವ ಜಾಗ ಒಂದು ಕಡಿಮೆ ಅಲ್ವಾ?

ಇನ್ನು ಆ ಕಪ್ಪು ಚುಕ್ಕೆಯ ವಿಷಯ. ಬೋರ್ಡ್ ಮಾಡಿಸುವಾಗ ಚಿನ್ನದ ಲೇಪ ಬೇಕು ಅಂತ ಆರಿಸಿದ್ದೆ. ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಾಗಿತ್ತು. ಆದರೆ ಆ ಬಗೆಯ ಬೋರ್ಡಿನಲ್ಲಿ ಚಿನ್ನ ಇರುವುದು 0.05ರಿಂದ 0.1 ಮೈಕ್ರಾನ್ ದಪ್ಪ ಮಾತ್ರ. ಅದರ ಕೆಳಗೆ ಕೆಲವು ಮೈಕ್ರಾನ್ ನಿಕ್ಕಲ್, ಅದರ ಕೆಳಗೆ ತಾಮ್ರ. ಅಷ್ಟು ತೆಳು ಚಿನ್ನದಲ್ಲಿ ಕಣ್ಣಿಗೆ ಕಾಣದ ತೂತುಗಳು ಇದ್ದೇ ಇರುತ್ತವೆ. ಚೊಕ್ಕ ಮಾಡಲು ಅಂತ ಸಲ್ಫ್ಯೂರಿಕ್ ಆಸಿಡ್‌ನಲ್ಲಿಟ್ಟು ವೋಲ್ಟೇಜ್ ಏರಿಸಿ ಇಳಿಸುವ ಸುತ್ತು ಹಾಕಿದರೆ ಆಸಿಡ್ ಆ ತೂತಿನಿಂದ ಇಳಿದು ನಿಕ್ಕಲ್ ತಿನ್ನುತ್ತದೆ. ಬೆಸುಗೆಗೆ ಮಾಡಿದ ಚಿನ್ನ ಅದು, ನನ್ನ ಕೆಲಸಕ್ಕಲ್ಲ. ತಪ್ಪು ಬೋರ್ಡಿನದಲ್ಲ, ನನ್ನದು.

ಹಳೇ ಚಿನ್ನದ ಬಣ್ಣದ ಸಿಡಿ ಸಿಕ್ಕರೆ ಅದರ ಮೇಲಿನ ಪದರ ತೆಗೆದು ಒಳಗಿನ ಚಿನ್ನವನ್ನೇ ಎಲೆಕ್ಟ್ರೋಡ್ ಮಾಡಬಹುದು. ಬ್ರೆಜಿಲ್‌ನ ವಿಜ್ಞಾನಿಗಳು 2000ದಲ್ಲಿ ಈ ಉಪಾಯ ಪ್ರಕಟಿಸಿದ್ದಾರೆ. ಮನೆಯ ಸಿಡಿ ರಾಶಿಯನ್ನೆಲ್ಲ ತಿರುವಿ ಹಾಕಿದೆ. ಎಲ್ಲವೂ ಬೆಳ್ಳಿ ಬಣ್ಣದವೇ.

ಆಮೇಲೆ ಮನೆಯವಳ ಮುರಿದ ಓಲೆಯ ಕೊಕ್ಕೆ ನೆನಪಾಯಿತು. "ಸೆನ್ಸರ್ ಅಂತೆ ಸೆನ್ಸರ್, ತೂಕ ಮಾಡಿ ಕೊಡ್ತೀನಿ, ತೂಕ ಮಾಡಿ ವಾಪಸ್ ತಗೋತೀನಿ" ಅಂದಳು. ಅದು 22 ಕ್ಯಾರೆಟ್, ಅಂದರೆ ನೂರಕ್ಕೆ 91.6 ಭಾಗ ಚಿನ್ನ. ಉಳಿದಿದ್ದು ತಾಮ್ರ, ಬೆಳ್ಳಿ. ಆಸಿಡ್‌ನಲ್ಲಿ ಸುತ್ತು ಹಾಕಿದ ಕೂಡಲೇ ಕರೆಂಟಿನ ಗ್ರಾಫಿನಲ್ಲಿ ಚಿನ್ನಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ ಒಂದು ಗುಡ್ಡ ಎದ್ದಿತು. ತಾಮ್ರ ಕರಗುತ್ತಿತ್ತು. ಕೊಕ್ಕೆ ತೊಳೆದು ವಾಪಸ್ ಕೊಟ್ಟೆ. ತೂಕ ಸರಿಯಿತ್ತು. ಅಥವಾ ಸರಿಯಿದೆ ಎಂದು ನಮ್ಮ ತಕ್ಕಡಿ ಹೇಳಿತು.

ಕೊನೆಗೆ ಹೋಗಿದ್ದು ಗಾಂಧಿ ಬಜಾರಿನ ಹತ್ತಿರ ಚಿನ್ನದ ಕೆಲಸ ಮಾಡುವ ಆಚಾರ್ರ ಬಳಿ.

"ಆಚಾರ್ರೇ, 24 ಕ್ಯಾರೆಟ್‌ನಲ್ಲಿ ಒಂದು ಮಿಲಿಮೀಟರ್ ತಂತಿ ಬೇಕು. ಏನೂ ಬೆರೆಸಬಾರದು."

"ಬೆರೆಸದಿದ್ರೆ ಮೆತ್ತಗಿರುತ್ತೆ ಮೇಷ್ಟ್ರೇ, ಉಂಗುರ ನಿಲ್ಲಲ್ಲ."

"ಉಂಗುರ ಅಲ್ಲ. ನೀರಲ್ಲಿ ಇಡೋಕೆ."

ಅವರು ನನ್ನನ್ನು ಒಂದು ಸಲ ನೋಡಿದರು. ಮತ್ತೇನೂ ಕೇಳಲಿಲ್ಲ. ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ ಎಳೆಯುತ್ತಾ, ನಡುನಡುವೆ ಕಾಯಿಸುತ್ತಾ, ಅರ್ಧ ಗಂಟೆಯಲ್ಲಿ ತಂತಿ ಕೊಟ್ಟರು. ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ಗ್ರಾಮಿನಲ್ಲಿ ಸುಮಾರು ಆರೂವರೆ ಸೆಂಟಿಮೀಟರ್ ಬರುತ್ತದೆ. ಒಂದು ಎಲೆಕ್ಟ್ರೋಡಿಗೆ ಒಂದು ಸೆಂಟಿಮೀಟರ್ ಸಾಕು. ಹಿಂದಿನಿಂದ ತಾಮ್ರದ ತಂತಿ ಬೆಸೆದು, ಸಣ್ಣ ಗಾಜಿನ ಕೊಳವೆಯೊಳಗೆ ಎಪಾಕ್ಸಿ ಹಾಕಿ ಮುಚ್ಚಿ, ಮುಂದಿನ ತುದಿಯನ್ನು ಉಜ್ಜಿದರೆ ಒಂದು ಮಿಲಿಮೀಟರ್ ಅಗಲದ ಚಿನ್ನದ ಬಿಲ್ಲೆ ಕಾಣುತ್ತದೆ. ಅಷ್ಟೇ ನಮ್ಮ ವೇದಿಕೆ. ಶುದ್ಧ ಬೆಳ್ಳಿಯ ತಂತಿಯನ್ನೂ ಅವರ ಹತ್ತಿರವೇ ತೆಗೆದುಕೊಂಡೆ.

ಎಪಾಕ್ಸಿಯಲ್ಲೂ ಒಂದು ಏಟು ತಿಂದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಹಾಕಿದ್ದೆ, ಆತುರ. ತಂತಿಗೂ ಅಂಟಿಗೂ ನಡುವೆ ಕೂದಲೆಳೆಯ ಸಂದು ಉಳಿದು ಉಪ್ಪುನೀರು ಒಳಗೆ ಇಳಿಯಿತು. ಗ್ರಾಫ್ ಬೆಟ್ಟ ಹತ್ತುವ ರಸ್ತೆಯ ಹಾಗೆ ವಾಲಿಕೊಂಡು ನಿಂತಿತು. ಎರಡನೇ ಸಲ ತಂತಿಯ ಬದಿಯನ್ನು ಉಪ್ಪುಕಾಗದದಿಂದ ಗೀರಿ, ಸ್ಪಿರಿಟ್‌ನಲ್ಲಿ ಒರೆಸಿ, ನಿಧಾನಕ್ಕೆ ಗಟ್ಟಿಯಾಗುವ ಅಂಟು ಹಾಕಿ ಪೂರ್ತಿ ಒಂದು ದಿನ ಬಿಟ್ಟೆ. ಆರರಲ್ಲಿ ಐದು ಗೆದ್ದವು.

ಅಳತೆಗೆ ಚಿನ್ನದ ಜೊತೆ ಇನ್ನೆರಡು ಎಲೆಕ್ಟ್ರೋಡ್ ಬೇಕು: ಕರೆಂಟಿನ ದಾರಿ ಪೂರ್ತಿ ಮಾಡುವ ಎದುರು ಎಲೆಕ್ಟ್ರೋಡ್, ವೋಲ್ಟೇಜನ್ನು ಹೋಲಿಸಿ ನೋಡುವ ರೆಫರೆನ್ಸ್. ಅವುಗಳ ಕೆಲಸ ಸುಲಭ. ಎದುರು ಎಲೆಕ್ಟ್ರೋಡಿಗೆ ಡ್ರಾಯಿಂಗ್ ಪೆನ್ಸಿಲಿನ ಎರಡು ಮಿಲಿಮೀಟರ್ ಕಡ್ಡಿ. ರೆಫರೆನ್ಸ್‌ಗೆ ಬೆಳ್ಳಿ ತಂತಿ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಅರ್ಧ ಗಂಟೆ ಅದ್ದಿದರೆ ಮೇಲೆ ಸಿಲ್ವರ್ ಕ್ಲೋರೈಡ್ ಕಟ್ಟಿ ನೇರಳೆ ಛಾಯೆಯ ಬೂದುಬಣ್ಣ ಬರುತ್ತದೆ. ಅದನ್ನು ಪಿಪೆಟ್ ಟಿಪ್ಪಿನೊಳಗೆ ಇಟ್ಟು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತುಂಬಬೇಕು, 100 ಮಿಲಿಲೀಟರಿಗೆ 22.4 ಗ್ರಾಂ, ಅಂದರೆ 3 ಮೋಲಾರ್ (ಮೋಲಾರ್ ಅಂದರೆ ದ್ರಾವಣದ ಸಾಂದ್ರತೆಯ ಅಳತೆ). ಕೆಳಗಿನ ತೂತು ಮುಚ್ಚಲು ಅಗರ್ ಬೇಕು. ಲ್ಯಾಬಿನಲ್ಲಿ ಮುಗಿದಿತ್ತು. ದಿನಸಿ ಅಂಗಡಿಯಲ್ಲಿ ಪುಡ್ಡಿಂಗ್ ಮಾಡಲು ಮಾರುವ ಚೈನಾ ಗ್ರಾಸ್ ಅದೇ ಅಗರ್. ಅದನ್ನೇ ಆ ಉಪ್ಪುನೀರಿನಲ್ಲಿ ಕುದಿಸಿ ತುಂಬಿದೆ. ಇದನ್ನು ಒಣಗಲು ಬಿಡಬಾರದು. ಒಂದು ರಾತ್ರಿ ಮರೆತು ಹೊರಗೆ ಬಿಟ್ಟಿದ್ದಕ್ಕೆ ಮಾರನೇ ದಿನ ಗ್ರಾಫಿನ ಶಿಖರಗಳೆಲ್ಲ 40 ಮಿಲಿವೋಲ್ಟ್ ಪಕ್ಕಕ್ಕೆ ಸರಿದಿದ್ದವು.

ಈಗ ನನ್ನ ಸ್ವಂತ ಊರು, ಅಂದರೆ ಸರ್ಕ್ಯೂಟ್. ಇಲ್ಲಿ ನಾನು ಎಡವುವುದಿಲ್ಲ ಅಂದುಕೊಂಡಿದ್ದೆ.

ಈ ಯಂತ್ರದ ಹೆಸರು ಪೊಟೆನ್ಷಿಯೋಸ್ಟಾಟ್. ಹೆಸರು ದೊಡ್ಡದು, ಕೆಲಸ ಎರಡೇ. ರೆಫರೆನ್ಸ್‌ಗೆ ಹೋಲಿಸಿ ಚಿನ್ನದ ವೋಲ್ಟೇಜನ್ನು ನಾವು ಹೇಳಿದಲ್ಲಿ ನಿಲ್ಲಿಸುವುದು, ಆಗ ಚಿನ್ನದಲ್ಲಿ ಹರಿಯುವ ಕರೆಂಟ್ ಅಳೆಯುವುದು. ಇದಕ್ಕೆ ನಾಲ್ಕು ಆಪ್-ಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್. ಒಂದು ಎದುರು ಎಲೆಕ್ಟ್ರೋಡನ್ನು ಓಡಿಸುತ್ತದೆ. ಇನ್ನೊಂದು ರೆಫರೆನ್ಸನ್ನು ಮುಟ್ಟಿಯೂ ಮುಟ್ಟದ ಹಾಗೆ ನೋಡುತ್ತದೆ. ಮೂರನೆಯದು 1 ಮೆಗಾಓಮ್ ರೆಸಿಸ್ಟರ್ ಇಟ್ಟುಕೊಂಡು ಕರೆಂಟನ್ನು ವೋಲ್ಟೇಜ್ ಮಾಡುತ್ತದೆ. ನಾಲ್ಕನೆಯದು 2.5 ವೋಲ್ಟಿನ ನಡುಗೆರೆ ಕಾಯುತ್ತದೆ. ವೋಲ್ಟೇಜ್ ಕೊಡಲು ಎಂಸಿಪಿ4725 ಚಿಪ್, ಓದಲು ಎಡಿಎಸ್1115 ಚಿಪ್, ಎರಡನ್ನೂ ಆಡಿಸಲು ಆರ್ಡುಯಿನೊ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಎಡಿಎಸ್1115 ಅನ್ನು 2.048 ವೋಲ್ಟ್ ಮಿತಿಯಲ್ಲಿಟ್ಟರೆ ಒಂದು ಹೆಜ್ಜೆ 62.5 ಮೈಕ್ರೋವೋಲ್ಟ್. 1 ಮೆಗಾಓಮ್‌ನಲ್ಲಿ ಅದು 62.5 ಪೈಕೋ ಆಂಪಿಯರ್. ನನಗೆ ಬರಬೇಕಾದ ಸಿಗ್ನಲ್ ನೂರು ನ್ಯಾನೋ ಆಂಪಿಯರ್ ಆಸುಪಾಸು. ಧಾರಾಳವಾಯಿತು.

ಎಲೆಕ್ಟ್ರೋಡ್ ಹಾಕುವ ಮೊದಲು ಸುಮ್ನೆ 10 ಮೆಗಾಓಮ್ ರೆಸಿಸ್ಟರ್ ಸಿಕ್ಕಿಸಿ ನೋಡಿದೆ. 0.3 ವೋಲ್ಟ್ ಕೊಟ್ಟರೆ 30 ನ್ಯಾನೋ ಆಂಪಿಯರ್ ಬರಬೇಕು. ಬಂದಿದ್ದು 52. ವೋಲ್ಟೇಜ್ ಸೊನ್ನೆ ಮಾಡಿದರೂ 22 ಉಳಿಯಿತು. ಬೆಸುಗೆ ನೋಡಿದೆ, ಕೋಡ್ ನೋಡಿದೆ, ಎರಡು ಸಂಜೆ ಕಳೆದೆ. ಆಮೇಲೆ ಆಪ್-ಆಂಪ್ ಚಿಪ್ಪಿನ ಹೆಸರು ಓದಿದೆ. ಎಲ್‌ಎಂ324. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಪಟ್ಟಿ ತಂದಿಟ್ಟುಕೊಂಡಿದ್ದೆ, ಎಲ್ಲದಕ್ಕೂ ಅದನ್ನೇ ಹಾಕುವ ಚಾಳಿ. ಅದರ ಒಳಹರಿವಿನ ಕರೆಂಟೇ ಹತ್ತಾರು ನ್ಯಾನೋ ಆಂಪಿಯರ್! ಗುಬ್ಬಿಯ ತೂಕ ನೋಡಲು ಹೋಗಿ ತಕ್ಕಡಿಯ ಮೇಲೆ ನನ್ನ ಕೈಯನ್ನೂ ಇಟ್ಟಿದ್ದೆ. ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುವ ಪಾಠ ಇದು. ಯಾರಿಗೂ ಹೇಳಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ. ಸಾಕೆಟ್ ಹಾಕಿದ್ದು ಪುಣ್ಯ. ಎಲ್‌ಎಂಸಿ6484 ಅದೇ ಕಾಲುಗಳ ಜೋಡಣೆಯಲ್ಲಿ ಬರುತ್ತದೆ, ಒಳಹರಿವು ಸಾಮಾನ್ಯವಾಗಿ 0.02 ಪೈಕೋ ಆಂಪಿಯರ್. ಕಿತ್ತು ಅದನ್ನು ಹಾಕಿದೆ. 30.1 ಬಂತು.

ಜುಲೈ ಬಂದಾಗ ಅದೂ ಕೆಟ್ಟಿತು. ದಿನಕ್ಕೊಂದು ಸೊನ್ನೆ. ಕಾರಣ ನಮ್ಮ ಮಲೆನಾಡಿನ ಮಳೆಗಾಲದ ತೇವ. ಬೆಸುಗೆಯ ನಂತರ ಉಳಿದ ಫ್ಲಕ್ಸ್ ಎಂಬ ಅಂಟು ತೇವ ಹೀರಿ ಪಿನ್ನುಗಳ ನಡುವೆ ಸಣ್ಣದಾಗಿ ಸೋರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿದೆ. ಬೋರ್ಡಿನ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟೆ. ಸರಿಹೋಯಿತು.

ಇನ್ನೊಂದು ತರಲೆ ಜಾಸ್ತಿ ಸ್ವಾರಸ್ಯದ್ದು. ಈ ಬಗೆಯ ಸೆನ್ಸರಿಗೆ ಸ್ಕ್ವೇರ್ ವೇವ್ ವೋಲ್ಟಾಮೆಟ್ರಿ ಅನ್ನುವ ಅಳತೆ ಒಳ್ಳೆಯದು. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಮುಂದೊಮ್ಮೆ ಹಿಂದೊಮ್ಮೆ 25 ಮಿಲಿವೋಲ್ಟ್ ಜಗ್ಗುವುದು. ಎರಡೂ ಬಾರಿ ಕೊನೆಯಲ್ಲಿ ಕರೆಂಟ್ ಓದಿ ಒಂದರಿಂದ ಒಂದನ್ನು ಕಳೆಯುವುದು. ನಾನು ಓದಿದ ಅಮೆರಿಕದ ಪ್ರಬಂಧಗಳಲ್ಲಿ 60 ಹರ್ಟ್ಸ್ ಅಂತ ಇತ್ತು. ನಾನೂ 60 ಇಟ್ಟೆ. ಗ್ರಾಫಿನ ತುಂಬ ಅಲೆ, ಸರಿಯಾಗಿ ಆರು ಮೆಟ್ಟಿಲಿಗೊಮ್ಮೆ. ಆರು ಯಾಕೆ? ನಮ್ಮ ಮನೆಯ ಕರೆಂಟ್ 50 ಹರ್ಟ್ಸ್, ಅದರ ಗುಂಯ್ ಅಳತೆಯೊಳಗೂ ನುಸುಳುತ್ತದೆ. 60ರಲ್ಲಿ 50 ಕಳೆದರೆ 10. ಸೆಕೆಂಡಿಗೆ 60 ಮೆಟ್ಟಿಲು, 10 ಅಲೆ, ಅಂದರೆ ಆರಕ್ಕೊಂದು. ಅಮೆರಿಕದಲ್ಲಿ ಕರೆಂಟೂ 60 ಹರ್ಟ್ಸೇ. ಹಾಗಾಗಿ ಅಲ್ಲಿ ಆ ಗುಂಯ್ ಎಲ್ಲ ಮೆಟ್ಟಿಲಿಗೂ ಒಂದೇ ಸಮ ಸೇರಿ ತಳದ ಗೆರೆಯನ್ನು ಸ್ವಲ್ಪ ಎತ್ತುತ್ತದೆ ಅಷ್ಟೇ, ಅಲೆಯಾಗಿ ಕಾಣುವುದಿಲ್ಲ.

ಹಾಗಾದರೆ 50 ಇಡೋಣವೇ? ಅದರಲ್ಲಿ ಅರ್ಧ ಸುತ್ತು 10 ಮಿಲಿಸೆಕೆಂಡ್. ಮುಂದಿನ ಓದಿಗೂ ಹಿಂದಿನ ಓದಿಗೂ ಗುಂಯ್ ತಲೆಕೆಳಗಾಗಿರುತ್ತದೆ. ಕಳೆದಾಗ ಹೋಗುವ ಬದಲು ಇಮ್ಮಡಿಯಾಗುತ್ತದೆ. 25 ಹರ್ಟ್ಸ್ ಇಟ್ಟರೆ ಅರ್ಧ ಸುತ್ತು ಸರಿಯಾಗಿ 20 ಮಿಲಿಸೆಕೆಂಡ್, ಕರೆಂಟಿನ ಒಂದು ಪೂರ್ತಿ ಸುತ್ತು. ಎರಡೂ ಓದಿನಲ್ಲಿ ಗುಂಯ್ ಒಂದೇ ಪ್ರಮಾಣ, ಕಳೆದರೆ ಸೊನ್ನೆ. ಕೋಡಿನಲ್ಲಿ ಒಂದೇ ಸಂಖ್ಯೆ ಬದಲಿಸಿದೆ. ಅಲೆ ಮಾಯ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ತೀರಾ ಖುಷಿ ಕೊಟ್ಟ ಐದು ನಿಮಿಷ ಅದು. ಉಳಿದ ಚೂರುಪಾರು ಗದ್ದಲಕ್ಕೆ ಎಲೆಕ್ಟ್ರೋಡ್ ಇರುವ ಬಾಟಲಿಯನ್ನು ಅಡುಗೆ ಮನೆಯ ಸ್ಟೀಲಿನ ಅಕ್ಕಿ ಡಬ್ಬದೊಳಗೆ ಇಟ್ಟು ಡಬ್ಬವನ್ನು ಗ್ರೌಂಡಿಗೆ ಸೇರಿಸಿದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿದೆ. ಅಕ್ಕಿ ಈಗ ಪ್ಲಾಸ್ಟಿಕ್ ಡಬ್ಬದಲ್ಲಿದೆ. ಆ ಬಗ್ಗೆ ಮನೆಯಲ್ಲಿ ಒಂದು ಮಾತುಕತೆ ಆಗಿದೆ.

ಡಿಎನ್‌ಎ ಹಾಕುವ ಮೊದಲು ಯಂತ್ರ ನಿಜವಾಗಿ ನೋಡುತ್ತಿದೆಯಾ ಅಂತ ತಿಳಿಯಬೇಕಿತ್ತು. ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಮೀನಿನ ಕಾಯಿಲೆಗೆ ಕೊಡುವ ಮೀಥಿಲೀನ್ ಬ್ಲೂ ಸಣ್ಣ ಬಾಟಲಿ ಸಿಗುತ್ತದೆ. ಒಂದು ಹನಿ ಹಾಕಿದೆ. ಮೈನಸ್ 0.25 ವೋಲ್ಟ್ ಹತ್ತಿರ ಚೆಂದದ ಗುಡ್ಡ ಎದ್ದಿತು. ನನ್ನ ಡಿಎನ್‌ಎಯ ನೀಲಿ ತುದಿಯೂ ಅಲ್ಲೇ ಹತ್ತಿರದಲ್ಲಿ ಕಾಣಬೇಕು.

ಇಲ್ಲಿಯವರೆಗೆ ನಾನು ಅಂದುಕೊಂಡಿದ್ದು, ಸೂಕ್ಷ್ಮ ಸೆನ್ಸರ್ ಅಂದರೆ ಸೂಕ್ಷ್ಮ ಸರ್ಕ್ಯೂಟ್ ಅಂತ. ಕೆಮಿಸ್ಟ್ರಿಯ ಸಹೋದ್ಯೋಗಿ ಮೇಡಂ ಒಂದು ದಿನ ಬಂದು ನನ್ನ ಎಲೆಕ್ಟ್ರೋಡ್ ಎತ್ತಿ ನೋಡಿದರು. "ಸರ್, ಪೈಕೋ ಆಂಪಿಯರ್ ಎಲ್ಲ ಇರಲಿ. ಇದನ್ನ ಬೆರಳಲ್ಲಿ ಮುಟ್ಟಿದ್ದೀರಾ?" ಮುಟ್ಟಿದ್ದೆ.

ಚಿನ್ನ ಹೊಳೆಯುತ್ತಿದ್ದರೆ ಚೊಕ್ಕ ಅಂತಲ್ಲ. ಬೆರಳಿನ ಜಿಡ್ಡಿನ ಒಂದು ಪದರ ಸಾಕು, ಗಂಧಕಕ್ಕೆ ಕೂರಲು ಜಾಗವೇ ಇರುವುದಿಲ್ಲ. ಅವರು ಹೇಳಿಕೊಟ್ಟ ಕ್ರಮ ಇದು. ಬಟ್ಟೆಯ ಮೇಲೆ ಅಲ್ಯುಮಿನಾ ಪುಡಿಯನ್ನು ನೀರಿನಲ್ಲಿ ಕಲಸಿ, ಮೊದಲು 1 ಮೈಕ್ರಾನ್, ಆಮೇಲೆ 0.3, ಕೊನೆಗೆ 0.05. ಎಲೆಕ್ಟ್ರೋಡನ್ನು ನೆಟ್ಟಗೆ ಹಿಡಿದು ಎಂಟರ ಅಂಕಿ ಬರೆಯುತ್ತಾ ಉಜ್ಜುವುದು, ಪ್ರತಿಯೊಂದಕ್ಕೂ ಮೂರ್ನಾಲ್ಕು ನಿಮಿಷ. ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಐದು ನಿಮಿಷ. ಆಮೇಲೆ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮೈನಸ್ 0.3ರಿಂದ 1.5 ವೋಲ್ಟ್ ತನಕ ಏರಿಳಿಸುತ್ತಾ ಗ್ರಾಫ್ ಬದಲಾಗುವುದು ನಿಲ್ಲುವವರೆಗೆ ಸುತ್ತು. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡಿಗಲ್ಲ. ಇದಕ್ಕೆ ಪಿರಾನಾ ಎಂಬ ಇನ್ನೂ ಖಾರದ ದ್ರಾವಣ ಬಳಸುವವರಿದ್ದಾರೆ. ಸಾವಯವ ಕಸ ತಾಗಿದರೆ ಸಿಡಿಯಬಲ್ಲದು ಅದು. ನಾನು ಆ ಕಡೆ ತಲೆ ಹಾಕಲಿಲ್ಲ, ನೀವೂ ಹಾಕಬೇಡಿ.

ಆಸಿಡ್‌ನಲ್ಲಿ ಸುತ್ತು ಹಾಕುವುದು ಬರೀ ತೊಳೆಯುವುದಲ್ಲ, ಅಳೆಯುವುದೂ ಹೌದು. ವೋಲ್ಟೇಜ್ ಇಳಿಯುವಾಗ 0.9 ವೋಲ್ಟ್ ಹತ್ತಿರ ಒಂದು ಚೂಪು ತಗ್ಗು ಬರುತ್ತದೆ. ಚಿನ್ನದ ಮೇಲೆ ಕಟ್ಟಿದ ಆಕ್ಸೈಡ್ ಪದರ ಕಳಚುವ ಜಾಗ. ಆ ತಗ್ಗಿನ ಒಟ್ಟು ಚಾರ್ಜನ್ನು ಚದರ ಸೆಂಟಿಮೀಟರಿಗೆ 390 ಮೈಕ್ರೋ ಕೂಲಂಬ್‌ನಿಂದ ಭಾಗಿಸಿದರೆ ಚಿನ್ನದ ನಿಜವಾದ ವಿಸ್ತೀರ್ಣ ಸಿಗುತ್ತದೆ, ಉಬ್ಬುತಗ್ಗು ಎಲ್ಲ ಸೇರಿ. ನನ್ನ ಬಿಲ್ಲೆ ಕನ್ನಡಿಯಷ್ಟು ಸಪಾಟಾಗಿದ್ದರೆ 3.06 ಮೈಕ್ರೋ ಕೂಲಂಬ್ ಬರಬೇಕಿತ್ತು. ಬಂದಿದ್ದು 4.3. ಅಂದರೆ ಲೆಕ್ಕದ ವಿಸ್ತೀರ್ಣಕ್ಕಿಂತ 1.4 ಪಟ್ಟು. ಮೇಡಂ ತಲೆದೂಗಿದರು. ಫೆರಿಸಯನೈಡ್ ದ್ರಾವಣದಲ್ಲೂ ನೋಡಿದೆವು. ಏರುವ ಶಿಖರಕ್ಕೂ ಇಳಿಯುವ ಶಿಖರಕ್ಕೂ ನಡುವೆ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್ ಇರಬೇಕು. ಬೆರಳಿನಲ್ಲಿ ಮುಟ್ಟಿದ ಎಲೆಕ್ಟ್ರೋಡಿನಲ್ಲಿ 140 ಇತ್ತು, ತೊಳೆದಿದ್ದರಲ್ಲಿ 72.

ಡಿಎನ್‌ಎ ತುಂಡನ್ನು ಹೊರಗಿನಿಂದ ಮಾಡಿಸಿ ತರಿಸಬೇಕು. ಇಡೀ ಕೆಲಸದಲ್ಲಿ ಚಿನ್ನ ದುಬಾರಿ ಅಲ್ಲ, ಇದು ದುಬಾರಿ. ಬರುವುದು ಒಣಗಿದ ಕಲೆಯ ರೂಪದಲ್ಲಿ, ಟ್ಯೂಬ್ ಖಾಲಿ ಅನ್ನಿಸುತ್ತದೆ. ಆದರೆ 5 ನ್ಯಾನೋಮೋಲ್ ಇದ್ದರೂ, ಒಂದು ಎಲೆಕ್ಟ್ರೋಡಿಗೆ 200 ನ್ಯಾನೋಮೋಲಾರ್‌ನ 50 ಮೈಕ್ರೋಲೀಟರ್ ಹನಿ ಸಾಕಾಗಿ, ಐನೂರು ಸಲಕ್ಕೆ ಆಗುತ್ತದೆ. ಗಂಧಕದ ತುದಿ ಜೋಡಿ ಕಟ್ಟಿಕೊಂಡು ಬಂದಿರುತ್ತದೆ, ಅದನ್ನು ಟಿಸಿಇಪಿ ಎಂಬ ರಾಸಾಯನಿಕದಿಂದ ಬಿಡಿಸಬೇಕು. ಒಂದು ಗಂಟೆ ಕತ್ತಲಲ್ಲಿ.

ಹಾಗೆ ಬಿಡಿಸಿದ ಡಿಎನ್‌ಎಯನ್ನು ಚಿನ್ನದ ಮೇಲೆ ಕೂರಿಸಿ ಕರೆಂಟ್ ಅಳೆದೆ. ಮೊದಲ ಎಲೆಕ್ಟ್ರೋಡ್: 9 ನ್ಯಾನೋ ಆಂಪಿಯರ್. ಎರಡನೆಯದು: 11. ನನಗೆ ಮತ್ತೆ ಸರ್ಕ್ಯೂಟಿನ ಮೇಲೆ ಅನುಮಾನ. ಹಳೇ ಚಾಳಿ. ಮೂರು ಸಂಜೆ ರೆಸಿಸ್ಟರ್ ಬದಲಿಸುತ್ತಾ ಕೂತೆ. ಕೊನೆಗೆ ತಪ್ಪು ಸಿಕ್ಕಿದ್ದು ಫ್ರಿಜ್ಜಿನಲ್ಲಿ. ಟಿಸಿಇಪಿಯನ್ನು ಫಾಸ್ಫೇಟ್ ಬಫರಿನಲ್ಲಿ (ಆಮ್ಲತೆ ಬದಲಾಗದಂತೆ ಕಾಯುವ ಉಪ್ಪುನೀರು) ಕರಗಿಸಿ ಎಂಟು ದಿನ ಇಟ್ಟಿದ್ದೆ. ಪುಡಿಯಾಗಿದ್ದಾಗ ಗಟ್ಟಿಮುಟ್ಟಾದ ಅದು, ತಟಸ್ಥ ಫಾಸ್ಫೇಟ್‌ನಲ್ಲಿ ಎರಡು ಮೂರು ದಿನದಲ್ಲೇ ಸತ್ತುಹೋಗುತ್ತದೆ. ಕೊಂಡಿ ಬಿಡಿಸುವ ಕೆಲಸವೇ ನಡೆದಿರಲಿಲ್ಲ. ಅವತ್ತೇ ಹೊಸದಾಗಿ ಕರಗಿಸಿ ಹಾಕಿದೆ. 88 ನ್ಯಾನೋ ಆಂಪಿಯರ್.

ಡಿಎನ್‌ಎ ಕೂತ ಮೇಲೆ ಖಾಲಿ ಉಳಿದ ಚಿನ್ನವನ್ನು ಇನ್ನೊಂದು ಸಣ್ಣ ಗಂಧಕದ ಅಣುವಿನಿಂದ ತುಂಬಬೇಕು. ಮರ್ಕ್ಯಾಪ್ಟೊಹೆಕ್ಸನಾಲ್ ಅಂತ. ಇದು ಅಡ್ಡಾದಿಡ್ಡಿ ಅಂಟಿದ ಡಿಎನ್‌ಎಯನ್ನು ಎಬ್ಬಿಸಿ ನಿಲ್ಲಿಸುತ್ತದೆ, ಬೇರೆ ಕಸ ಬಂದು ಕೂರದಂತೆ ತಡೆಯುತ್ತದೆ. 1997ರಲ್ಲಿ ಹರ್ನ್ ಮತ್ತು ಟಾರ್ಲೋವ್ ತೋರಿಸಿದ ಉಪಾಯ, ಈಗಲೂ ಇದೇ ಚಾಲ್ತಿ. ವಾಸನೆ ಮಾತ್ರ ದೇವರಿಗೇ ಪ್ರೀತಿ. ಬಾಟಲಿ ತೆರೆದ ಹತ್ತು ನಿಮಿಷಕ್ಕೆ ಕಾರಿಡಾರಿನಲ್ಲಿ ಗದ್ದಲ. ಅಟೆಂಡರ್ ಓಡಿ ಬಂದು "ಸಾರ್, ಸಿಲಿಂಡರ್ ಲೀಕ್ ಆಗ್ತಿದೆ" ಅಂತ ಕಿಟಕಿ ತೆಗೆಯತೊಡಗಿದ. ಅವನ ಮೂಗು ಸುಳ್ಳು ಹೇಳಿರಲಿಲ್ಲ. ಅಡುಗೆ ಗ್ಯಾಸಿಗೆ ವಾಸನೆ ಬರಲು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಇದರ ದಾಯಾದಿಯೇ. ಆಮೇಲಿಂದ ಈ ಕೆಲಸ ಫ್ಯೂಮ್ ಹುಡ್‌ನಲ್ಲಿ, ಭಾನುವಾರ.

ಆಗಸ್ಟ್ ಮೂರನೇ ವಾರ, ಏಳನೇ ಎಲೆಕ್ಟ್ರೋಡ್. ರಾತ್ರಿಯಿಡೀ ಮರ್ಕ್ಯಾಪ್ಟೊಹೆಕ್ಸನಾಲ್, ಬೆಳಗ್ಗೆ ತೊಳೆದು ಬಫರಿನಲ್ಲಿ ಇಟ್ಟೆ. ಮೊದಲ ಒಂದು ಗಂಟೆ ತಾನಾಗಿಯೇ 88ರಿಂದ 81ಕ್ಕೆ ಇಳಿದು ನಿಂತಿತು. ಇದಕ್ಕೆ ಹೆದರಬಾರದು, ನಿಲ್ಲುವವರೆಗೆ ಕಾಯಬೇಕು. ಕಾಯದೆ, ಪತ್ತೆ ಮಾಡಬೇಕಾದ ಡಿಎನ್‌ಎ ಹಾಕಿದರೆ ಈ ಇಳಿತವನ್ನೇ ಪತ್ತೆಯಾಯಿತು ಅಂತ ನಂಬಿಬಿಡುತ್ತೇವೆ. ಐದನೇ ಎಲೆಕ್ಟ್ರೋಡಿನಲ್ಲಿ ನಾನು ನಂಬಿದ್ದೆ, ಒಬ್ಬಿಬ್ಬರಿಗೆ ಫೋನೂ ಮಾಡಿದ್ದೆ.

ಮೊದಲು ಹೊಂದದ ಡಿಎನ್‌ಎ ಹಾಕಿದೆ, 200 ನ್ಯಾನೋಮೋಲಾರ್. ಅರ್ಧ ಗಂಟೆ. 81 ಇದ್ದದ್ದು 79. ಆಮೇಲೆ ಹೊಂದುವ ಜೋಡಿ, ಅಷ್ಟೇ ಪ್ರಮಾಣ. ಹತ್ತು ನಿಮಿಷಕ್ಕೆ 61. ಇಪ್ಪತ್ತಕ್ಕೆ 49. ಅರ್ಧ ಗಂಟೆಗೆ 44, ಅಲ್ಲೇ ನಿಂತಿತು. ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದೆ. ಉಪ್ಪಿಲ್ಲದ ನೀರಿನಲ್ಲಿ ಎರಡು ಎಳೆ ಒಟ್ಟಿಗೆ ನಿಲ್ಲುವುದಿಲ್ಲ, ಒಂದನ್ನೊಂದು ತಳ್ಳುತ್ತವೆ. ಮತ್ತೆ ಬಫರಿಗೆ ಇಟ್ಟಾಗ 78. ವಾಪಸ್ ಬಂದಿತ್ತು! ಈ 78 ನನಗೆ ಆ 44ಕ್ಕಿಂತ ದೊಡ್ಡ ಸಂಗತಿ. ಸೆನ್ಸರ್ ಸವೆದು ಇಳಿದದ್ದಲ್ಲ, ಹಿಡಿದು ಇಳಿದದ್ದು, ಬಿಟ್ಟಾಗ ಏರಿದ್ದು. ಮೇಡಂಗೆ ಫೋನ್ ಮಾಡಿದೆ. ಭಾನುವಾರ ಮಧ್ಯಾಹ್ನ ನಿದ್ದೆಯಲ್ಲಿದ್ದರು.

20 ನ್ಯಾನೋಮೋಲಾರ್‌ಗೆ ಒಂದು ಗಂಟೆ ಕಾದರೆ ನೂರಕ್ಕೆ 15ರಷ್ಟು ಇಳಿತ. 5 ನ್ಯಾನೋಮೋಲಾರ್‌ಗೆ ಬಂದಾಗ ಸಿಗ್ನಲ್ ಯಾವುದು, ತಾನಾಗಿ ಸರಿಯುವುದು ಯಾವುದು ಅಂತ ಗೊತ್ತಾಗುವುದಿಲ್ಲ. ಅದೇ ನನ್ನ ಮಿತಿ.

ಇದು ಎಷ್ಟು ಸೂಕ್ಷ್ಮ? ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ವೈರಸ್ ಇದ್ದರೆ ಕೇಳಲು ಬಹಳ. ಮೋಲಾರ್ ಲೆಕ್ಕದಲ್ಲಿ ಅದು 1.7 ಫೆಮ್ಟೋಮೋಲಾರ್. ನನ್ನ ಸೆನ್ಸರ್‌ಗೆ ಕಾಣಬೇಕಾದರೆ ಅದರ 30 ಲಕ್ಷ ಪಟ್ಟು ಬೇಕು. ಪಿಸಿಆರ್ ಪರೀಕ್ಷೆಯಲ್ಲಿ ಮೊದಲು ಡಿಎನ್‌ಎಯನ್ನು ನಕಲು ಮಾಡಿ ಮಾಡಿ ಹೆಚ್ಚಿಸಿಕೊಳ್ಳುವುದು ಇದಕ್ಕೇ. ನಕಲು ಮಾಡದೆ ಕೆಳಗಿಳಿಯಲು ಎಲೆಕ್ಟ್ರೋಡಿನ ಆಕಾರವನ್ನೇ ಬದಲಿಸಿದವರಿದ್ದಾರೆ. ಟೊರೊಂಟೊದಲ್ಲಿ ಶಾನಾ ಕೆಲ್ಲಿ ಅವರ ತಂಡ ಲೋಹವನ್ನು ಮುಳ್ಳುಮುಳ್ಳಾಗಿ ಬೆಳೆಸಿ, ಚೂಪು ತುದಿಗಳಲ್ಲಿ ಡಿಎನ್‌ಎ ಚೆನ್ನಾಗಿ ಚಾಚಿ ನಿಲ್ಲುವಂತೆ ಮಾಡಿತು. ಯಾವ ಆಪ್-ಆಂಪ್ ಹಾಕಿದರೂ ಸಿಗದ ಸೂಕ್ಷ್ಮತೆ ಅಲ್ಲಿ ಲೋಹದ ಮೇಲ್ಮೈಯಲ್ಲೇ ಸಿಕ್ಕಿತು. ನನ್ನ ಮುಂದಿನ ಹೆಜ್ಜೆ ಅದೇ ದಾರಿಯ ಬಡವರ ಆವೃತ್ತಿ, ಗೋಲ್ಡ್ ಕ್ಲೋರೈಡ್‌ನಿಂದ ಬಿಲ್ಲೆಯ ಮೇಲೆ ಚಿನ್ನವನ್ನು ಒರಟಾಗಿ ಕೂರಿಸುವುದು.

ಪ್ರೋಟೀನನ್ನೂ ಒಂದು ಕೈ ನೋಡಿದೆ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿಯುವ 15 ಅಕ್ಷರದ ಡಿಎನ್‌ಎ 1992ರಿಂದ ಗೊತ್ತು. ಜಿಜಿಟಿಟಿಜಿಜಿಟಿಜಿಟಿಜಿಜಿಟಿಟಿಜಿಜಿ. ಓದಿದರೆ ತಬಲಾ ಬೋಲ್ ಹಾಗಿದೆ. ಇದು ಮಡಚಿಕೊಂಡು ಥ್ರಾಂಬಿನ್‌ಗೆ ತಬ್ಬಿಕೊಳ್ಳುತ್ತದೆ, ನೀಲಿ ತುದಿಯ ಓಡಾಟ ಬದಲಾಗುತ್ತದೆ. ಮೂರು ಎಲೆಕ್ಟ್ರೋಡಿನಲ್ಲಿ ಒಂದು ಮಾತ್ರ ಸರಿಯಾಗಿ ನಡೆಯಿತು. ಒಂದರ ಮೇಲೆ ಏನೂ ಹೇಳಲಾರೆ. ಥ್ರಾಂಬಿನ್ ಖಾಲಿಯಾಗಿದೆ, ಮತ್ತೆ ತರಿಸಲು ಮುಂದಿನ ವರ್ಷದ ಬಜೆಟ್ ಬರಬೇಕು.

ಹೋದ ವಾರ ಇನ್ನೊಂದು ಗ್ರಾಂ ತಂತಿಗೆ ಆಚಾರ್ರ ಬಳಿ ಹೋಗಿದ್ದೆ. ಹಳೇ ಎಲೆಕ್ಟ್ರೋಡ್ ತೋರಿಸಿದೆ. ಮಸೂರದಲ್ಲಿ ಹಿಡಿದು ನೋಡಿ "ಮೆರುಗು ಚೆನ್ನಾಗಿ ಬಂದಿದೆ, ಯಾವುದರಲ್ಲಿ ಉಜ್ಜಿದ್ರಿ?" ಅಂದರು. ಹೇಳಿದೆ. ಪ್ರತಿ ಸಲವೂ ಹೊಸದಾಗಿ ಉಜ್ಜುತ್ತೇನೆ ಅಂತಲೂ ಹೇಳಿದೆ.

"ಆ ಬಟ್ಟೆ ಎಲ್ಲಿ?"

"ತೊಳೆದೆ."

"ಎಲ್ಲಿ ತೊಳೆದ್ರಿ?"

ಲ್ಯಾಬಿನ ಸಿಂಕಿನಲ್ಲಿ ಅಂದೆ. ಆಚಾರ್ರು ಮಸೂರ ಕೆಳಗಿಟ್ಟು, ತಮ್ಮ ಮಣೆಯ ಕೆಳಗೆ ಹಾಸಿದ್ದ ಬಟ್ಟೆಯನ್ನು ಎತ್ತಿ ತೋರಿಸಿದರು. ಅದರ ಮಡಿಕೆಯಲ್ಲಿ ತಿಂಗಳುಗಟ್ಟಲೆಯ ಪುಡಿ ಮಿನುಗುತ್ತಿತ್ತು. ಈಗ ನನ್ನ ಉಜ್ಜುವ ಬಟ್ಟೆಗಳೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ವರ್ಷದ ಕೊನೆಗೆ ತಂದುಕೊಡಿ, ಕರಗಿಸಿ ನೋಡೋಣ ಅಂದಿದ್ದಾರೆ.